ಮುಳ್ಳಿನ ಭಾರ



ಗ್ರಾಮಫೋನು ಯಂತ್ರವು ನಮ್ಮ ನಾಡಿಗೆ ಬಂದಾಗ ಅದರ ಅಂಗೋಪಾಂಗಗಳಿಗೆ ಜನರು ತಮಗೆ ತೋರಿದ ಹೆಸರುಗಳನ್ನಿಟ್ಟುಕೊಂಡರು. ರಿಕಾರ್ಡನ್ನು ಪ್ಲೇಟೆಂದರು, ಅದರ ಮೇಲೆ ಓಡುವ ಉಕ್ಕಿನ ಸೂಜಿಯನ್ನು ಮುಳ್ಳೆಂದರು. ಈ ಎರಡನೆಯ ಹೆಸರಿನಲ್ಲಿ ಆ ಯಂತ್ರದ ಇತಿಹಾಸವೆಲ್ಲವೂ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಮುಳ್ಳು ತಾಗಿದಲ್ಲಿ ಗೀರು ಬೀಳುತ್ತದೆ. ಗೀರಿನಿಂದಲೇ ನಾದವು ಹುಟ್ಟುತ್ತದೆ. ಅದೇ ಗೀರನ್ನು ಮತ್ತೆ ಮತ್ತೆ ಮುಳ್ಳು ಸವರಿದಂತೆ ನಾದವು ಸವೆಯುತ್ತಲೂ ಹೋಗುತ್ತದೆ. ಪುಸ್ತಕವನ್ನು ನೂರು ಸಲ ಓದಿದರೂ ಅಕ್ಷರಗಳು ಅಳಿಯವು. ರಿಕಾರ್ಡಿನ ಮಾತು ಹಾಗಲ್ಲ. ಅದನ್ನು ಓದುವ ಕ್ರಿಯೆಯೇ ಅದನ್ನು ಅಷ್ಟಷ್ಟಾಗಿ ಅಳಿಸುವ ಕ್ರಿಯೆಯೂ ಆಗಿದೆ.

ಇಂದು ಈ ವಿಷಯವನ್ನೆತ್ತುವುದಕ್ಕೆ ಕಾರಣವುಂಟು. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕು ಬಂದ ಬಳಿಕ ಮುಳ್ಳಿನ ಕಾಲ ಮುಗಿಯಿತೆಂದು ಅನೇಕರು ಭಾವಿಸಿದರು. ಆದರೆ 2022ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಿನೈಲ್ ರಿಕಾರ್ಡುಗಳ ಸಂಖ್ಯೆಯು, 1987ರಿಂದೀಚೆಗೆ ಮೊದಲ ಬಾರಿಗೆ, ಕಾಂಪ್ಯಾಕ್ಟ್ ಡಿಸ್ಕುಗಳ ಸಂಖ್ಯೆಯನ್ನು ಮೀರಿತು. ನಮ್ಮ ನಗರಗಳಲ್ಲಿಯೂ ವಿದ್ಯಾವಂತರು ಅಟ್ಟದ ಮೇಲಿದ್ದ ತಾತಂದಿರ ರಿಕಾರ್ಡುಗಳನ್ನು ಇಳಿಸಿ ಧೂಳೊರಸುತ್ತಿದ್ದಾರೆ. ಒಳ್ಳೆಯ ಟರ್ನ್‌ಟೇಬಲ್ ಒಂದನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳೋಣ ಎಂಬ ಪ್ರಶ್ನೆ ಆಗ ಸಹಜವಾಗಿ ಏಳುತ್ತದೆ. ಅಂಗಡಿಯವನು ಬೆಲೆಯನ್ನು ಹೇಳಬಲ್ಲನು. ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮವನ್ನು ಇತಿಹಾಸವು ಹೇಳಬಲ್ಲುದು. ಆ ಕ್ರಮವನ್ನು ನಾವು ಇಂದು ವಿಚಾರಿಸೋಣ.

1877ರಲ್ಲಿ ಎಡಿಸನ್ ಮಹಾಶಯನು ತವರದ ತಗಡನ್ನು ಸುತ್ತಿದ ಉರುಳೆಯ ಮೇಲೆ ಮನುಷ್ಯನ ಧ್ವನಿಯನ್ನು ಮೊದಲು ಹಿಡಿದನು. ಅದರಲ್ಲಿ ಮುಳ್ಳು ಮೇಲಕ್ಕೂ ಕೆಳಕ್ಕೂ ಆಡುತ್ತ, ಏರುತಗ್ಗುಗಳ ದಾರಿಯನ್ನು ಕೊರೆಯುತ್ತಿತ್ತು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬಾತನು ಉರುಳೆಯನ್ನು ಬಿಟ್ಟು ಚಪ್ಪಟೆಯಾದ ಬಿಲ್ಲೆಯನ್ನು ಹಿಡಿದನು. ಇವನ ಯಂತ್ರದಲ್ಲಿ ಮುಳ್ಳು ಎಡಬಲಗಳಿಗೆ ಓಲಾಡುವುದು. ಬಿಲ್ಲೆಗೆ ಒಂದು ಅಚ್ಚನ್ನು ಮಾಡಿಕೊಂಡರೆ ಸಾವಿರಾರು ಪ್ರತಿಗಳನ್ನು ಒತ್ತಿ ತೆಗೆಯಬಹುದು. ಮುದ್ರಣಯಂತ್ರವು ಅಕ್ಷರಕ್ಕೆ ಮಾಡಿದ ಉಪಕಾರವನ್ನು ಬರ್ಲಿನರನ ಬಿಲ್ಲೆಯು ಸಂಗೀತಕ್ಕೆ ಮಾಡಿತು.

ಆ ಬಿಲ್ಲೆಗಳು ಯಾವುದರಿಂದ ಆಗುತ್ತಿದ್ದುವು? ನಮ್ಮ ದೇಶದ ಅರಗಿನಿಂದ. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ವಸ್ತು ಯಾವುದೋ, ಮರದ ಕೊಂಬೆಗಳಲ್ಲಿ ಸಣ್ಣ ಕೀಟವು ಸ್ರವಿಸುವ ವಸ್ತು ಯಾವುದೋ, ಅದೇ ಅರಗು ಭಾರತದ ಕಾಡುಗಳಿಂದ ಹಡಗನ್ನೇರಿ ಯೂರೋಪಿಗೆ ಹೋಗುತ್ತಿತ್ತು. 1902ರಲ್ಲಿ ಗೈಸ್ಬರ್ಗ್ ಎಂಬ ಧ್ವನಿಮುದ್ರಕನು ಕಲ್ಕತ್ತೆಗೆ ಬಂದು ಗೌಹರ್ ಜಾನಳ ಗಾಯನವನ್ನು ಮೇಣದ ಮೇಲೆ ಹಿಡಿದನು. ಆ ಮೇಣವು ಜರ್ಮನಿಯ ಹ್ಯಾನೋವರಿಗೆ ಹೋಗಿ, ಅರಗಿನ ಬಿಲ್ಲೆಯಾಗಿ ಒತ್ತಲ್ಪಟ್ಟು, ಮತ್ತೆ ಇಲ್ಲಿಗೆ ಬಂದಿತು. ಒತ್ತುವವರಿಗೆ ಗುರುತು ಸಿಕ್ಕಲೆಂದು ಆ ಗಾಯಕಿ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಹೇಳಿದ್ದಾಳೆ. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1928ರಿಂದ ಮೈಸೂರಿನಲ್ಲಿದ್ದು ಆಕೆ 1930ರಲ್ಲಿ ಇಲ್ಲಿಯೇ ಕಣ್ಮುಚ್ಚಿದಳು. ಆಕೆಯ ಕಂಠವು ಇಂದು ಉಳಿದಿರುವುದು ಆ ಅರಗಿನ ಗೀರುಗಳಲ್ಲಿಯೇ.

ಆದರೆ ಅರಗು ಒಂದೇ ಆ ಬಿಲ್ಲೆಯಲ್ಲಿರಲಿಲ್ಲ. ಅದರೊಡನೆ ಕಲ್ಲಿನ ನುಣ್ಣನೆಯ ಪುಡಿಯನ್ನು ಬೆರೆಸುತ್ತಿದ್ದರು. ಬಿಲ್ಲೆಗೆ ಗಟ್ಟಿತನ ಬರುವುದು ಒಂದು ಉದ್ದೇಶ. ಉಕ್ಕಿನ ಮುಳ್ಳಿನ ತುದಿಯನ್ನು ಆ ಪುಡಿಯು ಉಜ್ಜಿ ಗೀರಿನ ಆಕಾರಕ್ಕೆ ತರುವುದು ಇನ್ನೊಂದು ಪ್ರಯೋಜನ. ಹೀಗೆ ಸವೆದ ಮುಳ್ಳು ಉಳಿಯಂತೆ ಹರಿತವಾಗುತ್ತಿದ್ದುದರಿಂದ ಪ್ರತಿಯೊಂದು ಮಗ್ಗುಲಿಗೂ ಹೊಸ ಮುಳ್ಳನ್ನು ಹಾಕಬೇಕಾಗಿತ್ತು. ಕಂಜೂಸುತನದಿಂದ ಒಂದೇ ಮುಳ್ಳಿನಲ್ಲಿ ಹತ್ತು ಪ್ಲೇಟುಗಳನ್ನು ನುಡಿಸಿದವರ ಮನೆಯ ರಿಕಾರ್ಡುಗಳು ಇಂದು ಬೂದುಬಣ್ಣಕ್ಕೆ ತಿರುಗಿವೆ. ಹಾಡಿಗಿಂತ ಹೆಚ್ಚಾಗಿ ಹುರಿಗಡಲೆ ಸಿಡಿಯುವ ಸದ್ದು ಅವುಗಳಿಂದ ಬರುತ್ತದೆ. ಭಾರವೂ ಕಡಿಮೆಯಲ್ಲ. ಕೊಂಬಿನ ಗ್ರಾಮಫೋನಿನ ಸೌಂಡ್‌ಬಾಕ್ಸು ಬಿಲ್ಲೆಯ ಮೇಲೆ ನೂರು ಗ್ರಾಮಿಗೂ ಮೀರಿದ ಭಾರವನ್ನು, ಎಂದರೆ ಹಳೆಯ ಲೆಕ್ಕದಲ್ಲಿ ಎಂಟೊಂಬತ್ತು ತೊಲದಷ್ಟನ್ನು, ಹೇರುತ್ತಿತ್ತು. ಕೊಂಬಿನೊಳಗಿನ ಗಾಳಿಯನ್ನು ಅಲುಗಿಸುವ ಶಕ್ತಿಯೆಲ್ಲವೂ ಗೀರಿನಿಂದಲೇ ಬರಬೇಕಾಗಿದ್ದುದರಿಂದ ಭಾರವನ್ನು ಇಳಿಸುವ ಮಾರ್ಗವೇ ಇರಲಿಲ್ಲ.

1925ರಲ್ಲಿ ವಿದ್ಯುಚ್ಛಕ್ತಿಯಿಂದ ಧ್ವನಿಮುದ್ರಣ ಮಾಡುವ ಪದ್ಧತಿ ಬಂದಿತು. ಮುಳ್ಳಿನ ಚಲನೆಯನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಆ ವಿದ್ಯುತ್ತನ್ನು ಬೇಕಾದಷ್ಟು ವರ್ಧಿಸಿಕೊಳ್ಳಬಹುದಾದ ಮೇಲೆ, ಗೀರಿನಿಂದ ಶಕ್ತಿಯನ್ನು ಹಿಂಡುವ ಅಗತ್ಯ ತಪ್ಪಿತು. ಗೀರಿನಿಂದ ಬೇಕಾದುದು ಇನ್ನು ಸಮಾಚಾರ ಮಾತ್ರ. ಇದು ಸಣ್ಣ ಮಾತಲ್ಲ. ಅಲ್ಲಿಂದ ಮುಂದಕ್ಕೆ ಈ ಯಂತ್ರದ ಇತಿಹಾಸವೆಂದರೆ ಮುಳ್ಳಿನ ಭಾರವು ಮೆಲ್ಲಮೆಲ್ಲನೆ ಇಳಿದ ಇತಿಹಾಸವೇ. ಮೊದಲು ಹಗುರವಾದದ್ದು ಯಂತ್ರವಲ್ಲ, ರಸಿಕರ ಕೈ. ರಿಕಾರ್ಡಿನ ಮೇಲೆ ಪ್ರೀತಿಯಿದ್ದವರು ಉಕ್ಕನ್ನು ಬಿಟ್ಟು ಬಿದಿರಿನ ಮುಳ್ಳನ್ನೂ ಪಾಪಾಸುಕಳ್ಳಿಯ ಮುಳ್ಳನ್ನೂ ಹದಮಾಡಿ ಉಪಯೋಗಿಸಿದರು. ನಮ್ಮವರಿಟ್ಟ ಹೆಸರು ಅವರ ಕೈಯಲ್ಲಿ ಅಕ್ಷರಶಃ ಸತ್ಯವಾಯಿತು.

ಅದೇ ಕಾಲದಲ್ಲಿ ತೋಳಿನ ವಿಚಾರವೂ ಶಾಸ್ತ್ರವಾಯಿತು. ರಿಕಾರ್ಡನ್ನು ಕೊರೆಯುವ ಉಳಿಯು ಅಂಚಿನಿಂದ ನಡುವಿನ ಕಡೆಗೆ ನೇರವಾದ ಗೆರೆಯಲ್ಲಿ ಸಾಗುತ್ತದೆ. ನುಡಿಸುವ ತೋಳಾದರೋ ಒಂದು ಕೀಲಿಗೆ ಕಟ್ಟುಬಿದ್ದು ಬಾಗಿದ ದಾರಿಯಲ್ಲಿ ತೂಗುತ್ತದೆ. ಹೀಗಾಗಿ ಮುಳ್ಳು ಗೀರಿಗೆ ಸ್ವಲ್ಪ ಓರೆಯಾಗಿ ನಿಲ್ಲುವುದು ಅನಿವಾರ್ಯ. 1924ರಲ್ಲಿ ಇಂಗ್ಲೆಂಡಿನ ‘ಗ್ರಾಮಫೋನ್’ ಪತ್ರಿಕೆಯಲ್ಲಿ ಪರ್ಸಿ ವಿಲ್ಸನ್ ಎಂಬಾತನು ಈ ಓರೆಯನ್ನು ಗಣಿತದಿಂದ ಅಳೆದು, ತೋಳನ್ನು ಎಷ್ಟು ಬಗ್ಗಿಸಬೇಕು, ಮುಳ್ಳು ಕೇಂದ್ರವನ್ನು ಎಷ್ಟು ದಾಟಬೇಕು ಎಂಬುದನ್ನು ತೋರಿಸಿದನು. ಇಂದು ಟರ್ನ್‌ಟೇಬಲ್ಲಿನೊಡನೆ ಬರುವ ರಟ್ಟಿನ ಅಳತೆಪಟ್ಟಿಗೆ ಮೂಲ ಅದೇ ವಿಚಾರ.

ಈ ಕಥೆಯಲ್ಲಿ ಮೈಸೂರಿಗೂ ಒಂದು ಅಧ್ಯಾಯವಿದೆ. ಶ್ರೀ ಜಯಚಾಮರಾಜೇಂದ್ರ ಒಡೆಯರವರು ಪಾಶ್ಚಾತ್ಯ ಸಂಗೀತದ ರಿಕಾರ್ಡುಗಳ ಮಹಾಸಂಗ್ರಾಹಕರು. ಲಂಡನ್ನಿನ ಧ್ವನಿಮುದ್ರಣ ಕಂಪನಿಯಿಂದ ಅರಮನೆಗೆ ಬಂದ ವಾಲ್ಟರ್ ಲೆಗ್ ಎಂಬಾತನು ಇಲ್ಲಿನ ರಿಕಾರ್ಡುಗಳ ಭಂಡಾರವನ್ನೂ ಸಾಲುಸಾಲಾದ ಸ್ಪೀಕರುಗಳನ್ನೂ ಕಂಡು ಬೆರಗಾದನು. ರಷ್ಯದ ವಾಗ್ಗೇಯಕಾರ ಮೆಟ್ನರ್ ಲಂಡನ್ನಿನಲ್ಲಿ ವೃದ್ಧನಾಗಿ, ಬಡವನಾಗಿ ಕಾಲ ಕಳೆಯುತ್ತಿದ್ದಾಗ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಮಹಾರಾಜರು ಧನಸಹಾಯ ಮಾಡಿದರು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೇ ಅರ್ಪಿಸಿದನು.

ಆ ಮೆಟ್ನರ್ ರಿಕಾರ್ಡುಗಳು ನಿಮಿಷಕ್ಕೆ 78 ಸುತ್ತುಗಳ ಅರಗಿನ ಬಿಲ್ಲೆಗಳು. ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷಗಳ ಸಂಗೀತ. ದೀರ್ಘವಾದ ಕೃತಿಯನ್ನು ತುಂಡುತುಂಡಾಗಿ ಕೇಳಬೇಕು. ಆ ಮಾಲೆ ಇನ್ನೂ ಸಿದ್ಧವಾಗುತ್ತಿದ್ದ ಕಾಲದಲ್ಲಿಯೇ, 1948ರ ಜೂನಿನಲ್ಲಿ, ಅಮೆರಿಕದ ಕೊಲಂಬಿಯ ಕಂಪನಿಯು ನಿಮಿಷಕ್ಕೆ 33⅓ ಸುತ್ತುಗಳ ದೀರ್ಘ ರಿಕಾರ್ಡನ್ನು ಹೊರತಂದಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಮಿಗಿಲು. ಅರಗಿನ ಜಾಗಕ್ಕೆ ವಿನೈಲ್ ಬಂದಿತು. ಅದರಲ್ಲಿ ಕಲ್ಲಿನ ಪುಡಿಯಿಲ್ಲ, ಕರಕರವಿಲ್ಲ. ಆದರೆ ಅದು ಮೆತು. ಹಳೆಯ ಭಾರವನ್ನು ಅದು ತಾಳಲಾರದು. ಅರಗಿನ ಗೀರಿಗೆ ಮುಳ್ಳಿನ ತುದಿಯ ತ್ರಿಜ್ಯವು ಅಂಗುಲದ ಸಾವಿರದಲ್ಲಿ ಮೂರು ಭಾಗವಿದ್ದರೆ, ದೀರ್ಘ ರಿಕಾರ್ಡಿಗೆ ಒಂದೇ ಭಾಗ. ಭಾರವು ಬೇಗನೆ ಕೆಲವೇ ಗ್ರಾಮುಗಳಿಗೆ ಇಳಿಯಬೇಕಾಯಿತು.

ಇನ್ನು ಸ್ಟೀರಿಯೋ ಎಂಬುದು. ಇಂಗ್ಲೆಂಡಿನ ಆಲನ್ ಬ್ಲಮ್ಲೀನ್ ಎಂಬ ತರುಣ ಇಂಜಿನಿಯರು 1931ರಲ್ಲಿಯೇ ಇದರ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದನು. ಗೀರಿಗೆ ಎರಡು ಗೋಡೆಗಳಿವೆಯಷ್ಟೆ. ಒಂದು ಗೋಡೆಯಲ್ಲಿ ಎಡಗಿವಿಯ ನಾದ, ಇನ್ನೊಂದರಲ್ಲಿ ಬಲಗಿವಿಯ ನಾದ, ಎರಡೂ 45 ಡಿಗ್ರಿಯ ಓರೆಯಲ್ಲಿ. ಒಂದೇ ಮುಳ್ಳು ಎಡಬಲಕ್ಕೂ ಮೇಲೆಕೆಳಕ್ಕೂ ಆಡಿ ಎರಡನ್ನೂ ಓದುತ್ತದೆ. ಎಡಿಸನ್ನನ ದಾರಿಯೂ ಬರ್ಲಿನರನ ದಾರಿಯೂ ಇಲ್ಲಿ ಒಂದಾದುವೆನ್ನಬಹುದು. ಬ್ಲಮ್ಲೀನನು 1942ರಲ್ಲಿ ರಡಾರ್ ಪರೀಕ್ಷೆಯ ವಿಮಾನವು ಬಿದ್ದು ಮೃತನಾದನು. ಅಂಗಡಿಗಳಲ್ಲಿ ಸ್ಟೀರಿಯೋ ರಿಕಾರ್ಡುಗಳು ಸಾಮಾನ್ಯವಾದುದು 1958ರ ಹೊತ್ತಿಗೆ. ಅದನ್ನು ನೋಡಲು ಆತನಿರಲಿಲ್ಲ.

ಈಗ ಆರಿಸುವ ಪ್ರಶ್ನೆಗೆ ಬರೋಣ. ಮೊದಲನೆಯದು ಮುಳ್ಳು ಮತ್ತು ಅದನ್ನು ಹೊತ್ತ ಕಾರ್ಟ್ರಿಜ್. ಇದರಲ್ಲಿ ಎರಡು ಮುಖ್ಯ ಜಾತಿಗಳು. ಮುಳ್ಳಿನೊಡನೆ ಸಣ್ಣ ಆಯಸ್ಕಾಂತವು ಅಲುಗಿ, ನಿಶ್ಚಲವಾದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು ಒಂದು; ಅಯಸ್ಕಾಂತವು ನಿಶ್ಚಲವಾಗಿದ್ದು ಸುರುಳಿಯೇ ಅಲುಗುವುದು ಇನ್ನೊಂದು. ಮೊದಲನೆಯದು ಮೂರರಿಂದ ಐದು ಮಿಲಿವೋಲ್ಟುಗಳನ್ನು ಕೊಡುತ್ತದೆ. ಅದರ ಮುಳ್ಳು ಸವೆದರೆ ಮುಳ್ಳನ್ನಷ್ಟೇ ಬದಲಾಯಿಸಬಹುದು. ಎರಡನೆಯದು ಅದರ ಹತ್ತನೆಯ ಒಂದು ಭಾಗವನ್ನು ಮಾತ್ರ ಕೊಡುತ್ತದೆ. ಸಾಮಾನ್ಯವಾಗಿ ಇಡಿಯ ಕಾರ್ಟ್ರಿಜ್ಜನ್ನೇ ಬದಲಿಸಬೇಕು. ಜಪಾನಿನ ರೇಡಿಯೋ ಸಂಸ್ಥೆಯ ಸಹಕಾರದಿಂದ 1960ರ ದಶಕದಲ್ಲಿ ರೂಪುಗೊಂಡ ಡೆನಾನ್ ಡಿಎಲ್-103 ಈ ಎರಡನೆಯ ಜಾತಿಯದು. ಸುಮಾರು 2.5 ಗ್ರಾಮು ಭಾರದಲ್ಲಿ, ದುಂಡನೆಯ ತುದಿಯ ವಜ್ರದಿಂದ, ಹಗಲಿರುಳೂ ಪ್ರಸಾರಕ್ಕೆ ದುಡಿಯಲೆಂದು ಮಾಡಿದ ಆ ಕಾರ್ಟ್ರಿಜ್ ಇನ್ನೂ ತಯಾರಾಗುತ್ತಿದೆ. ಹೊಸತನವೊಂದೇ ಗುಣವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಭಾರವು ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ಇಷ್ಟರಿಂದ ಭಾವಿಸಬಾರದು. ಮುಳ್ಳು ಅತಿ ಹಗುರವಾದರೆ ಗೀರಿನ ತಿರುವುಗಳಲ್ಲಿ ಗೋಡೆಯನ್ನು ಬಿಟ್ಟು ಹಾರಿ ಮತ್ತೆ ಬೀಳುತ್ತದೆ; ಆ ಪೆಟ್ಟು ಭಾರದ ಸವೆತಕ್ಕಿಂತ ಕೆಟ್ಟದು. ತಯಾರಿಸಿದವರು ಹೇಳಿದ ಮಿತಿಯ ನಡುವಿನಿಂದ ಸ್ವಲ್ಪ ಮೇಲಕ್ಕೆ ಭಾರವನ್ನು ನಿಲ್ಲಿಸುವುದು ಕ್ಷೇಮ. ಅದನ್ನು ತೂಗುವ ಚಿಕ್ಕ ತಕ್ಕಡಿಯೊಂದನ್ನು ಕೊಳ್ಳತಕ್ಕದ್ದು. ವಜ್ರವೂ ಅಮರವಲ್ಲ; 500ರಿಂದ 1000 ಗಂಟೆಗಳಾದ ಮೇಲೆ ಅದನ್ನು ಪರೀಕ್ಷಿಸಿಯೇ ಮುಂದುವರಿಯಬೇಕು. ಪೆಟ್ಟಿಗೆಯೊಳಗೆ ಎಲ್ಲವನ್ನೂ ಅಡಕಿಸಿ ಅಗ್ಗಕ್ಕೆ ಮಾರುವ ಯಂತ್ರಗಳಲ್ಲಿ ಐದಾರು ಗ್ರಾಮು ಭಾರವಿರುವುದುಂಟು, ಅದನ್ನು ತಿದ್ದುವ ಉಪಾಯವೂ ಇರುವುದಿಲ್ಲ. ತಾತನ ರಿಕಾರ್ಡನ್ನು ಅದರ ಮೇಲಿಡುವುದಕ್ಕೆ ಮುಂಚೆ ಎರಡು ಸಲ ಯೋಚಿಸುವುದೊಳಿತು.

ಎರಡನೆಯದು ತೋಳು. ಎತ್ತುಗಳಿಗೆ ತಕ್ಕ ಗಾಡಿ, ಗಾಡಿಗೆ ತಕ್ಕ ಎತ್ತು ಎಂಬ ನ್ಯಾಯವೇ ಇಲ್ಲಿಯೂ. ಮೆತ್ತನೆಯ ಕೀಲಿನ ಕಾರ್ಟ್ರಿಜ್ಜಿಗೆ ಹಗುರವಾದ ತೋಳು, ಬಿಗಿಯಾದ ಕೀಲಿನದಕ್ಕೆ ತೂಕವುಳ್ಳ ತೋಳು ಹೊಂದುತ್ತದೆ. ಎರಡೂ ಕೂಡಿ ತಾವಾಗಿ ತೂಗಾಡುವ ವೇಗವು ಸೆಕೆಂಡಿಗೆ 8ರಿಂದ 12 ಆವೃತ್ತಿಗಳೊಳಗಿದ್ದರೆ ಮೇಲು. ಅದಕ್ಕಿಂತ ಕೆಳಗಿಳಿದರೆ ನೆಲದ ಹೆಜ್ಜೆಯ ಸದ್ದೂ ಬಿಲ್ಲೆಯ ಸೊಟ್ಟವೂ ಮುಳ್ಳನ್ನು ಅಲುಗಿಸುತ್ತವೆ. ಮೇಲೇರಿದರೆ ಸಂಗೀತದ ಮಂದ್ರವನ್ನೇ ಕೆಡಿಸುತ್ತದೆ. ಡೆನಾನ್ 103 ಬಿಗಿಯಾದ ಜಾತಿಯದಾದ್ದರಿಂದ ಅದಕ್ಕೆ ತೂಕದ ತೋಳೇ ಬೇಕು.

ಮೂರನೆಯದು ತಿರುಗಿಸುವ ಕ್ರಮ. ರಬ್ಬರಿನ ಗಾಲಿಯು ಬಿಲ್ಲೆಯ ಅಂಚನ್ನು ಒತ್ತಿ ತಿರುಗಿಸುವುದು ಒಂದು ರೀತಿ; 1954ರ ಗ್ಯಾರರ್ಡ್ 301 ಇದಕ್ಕೆ ಹೆಸರಾದದ್ದು. ಬಲ ಹೆಚ್ಚು, ಗುಡುಗುಡು ಸದ್ದಿನ ಭಯವೂ ಹೆಚ್ಚು. ಪಟ್ಟಿಯಿಂದ ತಿರುಗಿಸುವುದು ಎರಡನೆಯದು. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತನ್ನ ಎ.ಆರ್. ಯಂತ್ರದಲ್ಲಿ ಬಿಲ್ಲೆಯನ್ನೂ ತೋಳನ್ನೂ ಸ್ಪ್ರಿಂಗುಗಳ ಮೇಲೆ ಒಟ್ಟಿಗೆ ತೂಗುಬಿಟ್ಟು ನೆಲದ ನಡುಕವನ್ನು ದೂರಮಾಡಿದನು. ಮೋಟಾರಿನ ಅಚ್ಚಿನ ಮೇಲೆಯೇ ಬಿಲ್ಲೆಯನ್ನು ಕೂರಿಸುವುದು ಮೂರನೆಯದು. 1970ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಪಿ-10 ಇದನ್ನು ಆರಂಭಿಸಿತು. ಮೂರರಲ್ಲಿಯೂ ಒಳ್ಳೆಯವಿವೆ, ಕೆಟ್ಟವಿವೆ. ನಾವು ಕೇಳಬೇಕಾದುದು ಒಂದೇ: ವೇಗವು ಸ್ಥಿರವೇ, ಅದನ್ನು ತಿದ್ದಬಹುದೇ?

ನಮ್ಮ ಸಂಗೀತದವರಿಗೆ ಈ ಪ್ರಶ್ನೆ ಪ್ರಾಣಪ್ರಾಯವಾದುದು. ವೇಗವೆಂದರೆ ಶ್ರುತಿ. ಕೊಂಬಿನ ಕಾಲದ ರಿಕಾರ್ಡುಗಳೆಲ್ಲವೂ ಸರಿಯಾಗಿ 78ರಲ್ಲಿ ಮುದ್ರಿತವಾದವುಗಳಲ್ಲ. ನಿಮಿಷಕ್ಕೆ 74 ಸುತ್ತುಗಳಲ್ಲಿ ಮುದ್ರಿತವಾದುದನ್ನು 78ರಲ್ಲಿ ನುಡಿಸಿದರೆ ಷಡ್ಜವು ಹೆಚ್ಚುಕಡಿಮೆ ಶುದ್ಧ ಋಷಭದ ಮನೆಗೆ ಏರುತ್ತದೆ, ಗಮಕಗಳು ಅವಸರಪಡುತ್ತವೆ, ಗಂಭೀರವಾದ ಕಂಠವು ಕೀರಲಾಗುತ್ತದೆ. ಆಗ ನಾವು ಕೇಳುವುದು ಆ ವಿದ್ವಾಂಸರನ್ನಲ್ಲ, ಅವರ ಅಣಕವನ್ನು. 78 ಎಂಬ ಸಂಖ್ಯೆಯೂ ಒಂದೇ ಅಲ್ಲ. ಸೆಕೆಂಡಿಗೆ 50 ಆವೃತ್ತಿಗಳ ವಿದ್ಯುತ್ತಿರುವ ದೇಶಗಳಲ್ಲಿ ವೇಗಪರೀಕ್ಷೆಯ ಚಕ್ರಕ್ಕೆ 77 ಪಟ್ಟೆಗಳಾದ್ದರಿಂದ ಅದು 77.92, 60 ಆವೃತ್ತಿಗಳ ಅಮೆರಿಕದಲ್ಲಿ 92 ಪಟ್ಟೆಗಳಾದ್ದರಿಂದ 78.26. ಮನೆಯಲ್ಲಿ ಅರಗಿನ ರಿಕಾರ್ಡುಗಳುಳ್ಳವರು 78ರ ವೇಗವೂ ಅದನ್ನು ಏರಿಸಿ ಇಳಿಸುವ ಸೌಕರ್ಯವೂ ಇರುವ ಯಂತ್ರವನ್ನೇ ಆರಿಸತಕ್ಕದ್ದು. ದೀರ್ಘ ರಿಕಾರ್ಡಿನ ಮುಳ್ಳನ್ನು ಅರಗಿನ ಗೀರಿಗೆ ಹಾಕಿದರೆ ಅದು ತಳಕ್ಕಿಳಿದು ಕಸವನ್ನು ಓದುತ್ತದೆ. ಆದಕಾರಣ ಅಗಲವಾದ ಮುಳ್ಳೊಂದು ಬೇರೆಯಾಗಿಯೇ ಇರಬೇಕು. ಕಳಚಿ ಹಾಕುವ ತಲೆಯುಳ್ಳ ತೋಳು ಇದಕ್ಕೆ ಅನುಕೂಲ.

ನಾಲ್ಕನೆಯದು ಫೋನೋ ವರ್ಧಕ. ಇದರ ಕೆಲಸಗಳು ಎರಡು. ಒಂದು, ಆ ಅಲ್ಪವಾದ ವಿದ್ಯುತ್ತನ್ನು ಬಲಪಡಿಸುವುದು: ಮೊದಲ ಜಾತಿಯ ಕಾರ್ಟ್ರಿಜ್ಜಿಗೆ ಸುಮಾರು ನೂರು ಪಾಲು, ಎರಡನೆಯದಕ್ಕೆ ಸುಮಾರು ಸಾವಿರ ಪಾಲು. ಇನ್ನೊಂದು ಸೂಕ್ಷ್ಮವಾದುದು. ಮಂದ್ರಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೀರು ಪಕ್ಕದ ಗೀರಿಗೆ ಹಾಯುತ್ತದೆಂದು ಅವನ್ನು ತಗ್ಗಿಸಿಯೂ, ತಾರಸ್ವರಗಳು ಸವರಿಕೆಯ ಸದ್ದಿನಲ್ಲಿ ಮುಳುಗಬಾರದೆಂದು ಅವನ್ನು ಹೆಚ್ಚಿಸಿಯೂ ಮುದ್ರಿಸಿರುತ್ತಾರೆ. ನುಡಿಸುವಾಗ ಇದನ್ನು ತಿರುಗಾಮುರುಗಾ ಮಾಡಿದರೆ ನಾದವು ಸಮವಾಗುತ್ತದೆ. ಮೊದಲು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. 1954ರಲ್ಲಿ ಅಮೆರಿಕದ ರಿಕಾರ್ಡು ತಯಾರಕರ ಸಂಘವು, ಎಂದರೆ ಆರ್‌ಐಎಎ, ಒಂದು ಸಾಮಾನ್ಯ ಲೆಕ್ಕವನ್ನು ಗೊತ್ತುಮಾಡಿತು. ಈಚಿನ ವರ್ಧಕಗಳಲ್ಲಿರುವುದು ಅದೇ. ಅರಗಿನ ರಿಕಾರ್ಡಿಗೆ ಆ ಲೆಕ್ಕ ಒಪ್ಪುವುದಿಲ್ಲ. ಅವುಗಳನ್ನೇ ಹೆಚ್ಚಾಗಿ ಕೇಳುವವರು ಲೆಕ್ಕವನ್ನು ಬದಲಿಸಬಲ್ಲ ವರ್ಧಕವನ್ನು ಹುಡುಕಬೇಕು. ವರ್ಧಕದಲ್ಲಿ ಮೋನೋ ಗುಂಡಿಯೊಂದಿದ್ದರೆ ಇನ್ನೂ ಒಳ್ಳೆಯದು: ಹಳೆಯ ರಿಕಾರ್ಡಿನ ಸಂಗೀತವೆಲ್ಲವೂ ಎಡಬಲದ ಚಲನೆಯಲ್ಲಿರುವುದರಿಂದ, ಮೇಲೆಕೆಳಗಿನ ಚಲನೆಯಿಂದ ಬರುವ ಕಸವೆಲ್ಲವೂ ಆ ಗುಂಡಿಯನ್ನೊತ್ತಿದೊಡನೆ ಹೊರಟುಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ನಾದದಲ್ಲಿ ಹೆಚ್ಚಿನ ವ್ಯತ್ಯಾಸವನ್ನುಂಟುಮಾಡುವುದು ಸ್ಪೀಕರು. ಆದ್ದರಿಂದ ಹಣವನ್ನೆಲ್ಲ ಅದಕ್ಕೇ ಸುರಿಯಬೇಕೆಂದು ತಿಳಿದವರು ಹೇಳುತ್ತಾರೆ. ಕಿವಿಯ ದೃಷ್ಟಿಯಿಂದ ಈ ಮಾತು ಬಹುಮಟ್ಟಿಗೆ ಸತ್ಯವೇ. ಆದರೆ ನಮ್ಮ ಅಭಿಪ್ರಾಯದಲ್ಲಿ ಕಿವಿಯೊಂದೇ ನ್ಯಾಯಾಧೀಶನಲ್ಲ. ಕೆಟ್ಟ ಸ್ಪೀಕರು ಇಂದಿನ ಸಂಜೆಯನ್ನು ಕೆಡಿಸುತ್ತದೆ. ನಾಳೆ ಅದನ್ನು ಬದಲಿಸಬಹುದು. ಕೆಟ್ಟ ಮುಳ್ಳು ಮುಂದಿನ ಸಂಜೆಗಳನ್ನೆಲ್ಲ ಕೆಡಿಸುತ್ತದೆ; ಅದು ತಿಂದ ಗೀರನ್ನು ಯಾರೂ ಮರಳಿ ತುಂಬಲಾರರು. ಆದಕಾರಣ ಮುಳ್ಳು, ತೋಳು, ವೇಗ, ವರ್ಧಕ, ಸ್ಪೀಕರು ಎಂಬುದೇ ನಮ್ಮ ಕ್ರಮ. ಅರಗಿನ ರಿಕಾರ್ಡುಗಳನ್ನು ತೊಳೆಯುವಾಗ ಸ್ಪಿರಿಟ್ ಬೆರೆತ ದ್ರವವನ್ನು ಮುಟ್ಟಿಸಕೂಡದೆಂಬ ಮಾತನ್ನೂ ಇಲ್ಲಿಯೇ ಸೇರಿಸಬೇಕು. ಅರಗು ಅದರಲ್ಲಿ ಕರಗಿಹೋಗುತ್ತದೆ.

ಹಾಡಿದ್ದನ್ನೇ ಹಾಡುವ ಕಿಸಬಾಯಿದಾಸನೆಂದು ಗ್ರಾಮಫೋನನ್ನು ಹಾಸ್ಯಮಾಡುವುದುಂಟು. ವಾಸ್ತವವಾಗಿ ಅದು ಎಂದೂ ಹಾಡಿದ್ದನ್ನೇ ಹಾಡುವುದಿಲ್ಲ. ಪ್ರತಿಸಲವೂ ಕೂದಲೆಳೆಯಷ್ಟು ಕಡಿಮೆಯಾಗಿ ಹಾಡುತ್ತದೆ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳನ್ನು ಫ್ಲಾಗ್‌ಸ್ಟಾಡ್ ಎಂಬ ಗಾಯಕಿಯು ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ ಮೊದಲ ಬಾರಿಗೆ ಹಾಡಿದಳು. ಆ ಕಚೇರಿಗೆ ಧನದ ಭರವಸೆ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರವರು. ಅವರು ಅಲ್ಲಿಗೆ ಹೋಗಲಾಗದ್ದರಿಂದ ಅವರಿಗಾಗಿ ಆ ಗಾಯನವನ್ನು ಮೆತುವಾದ ಅರಗೆಣ್ಣೆಯ ಬಿಲ್ಲೆಗಳ ಮೇಲೆ ಮುದ್ರಿಸಿಕೊಳ್ಳಲಾಯಿತು. ಅಂಥ ಬಿಲ್ಲೆಯನ್ನು ಒಂದೊಂದು ಸಲ ನುಡಿಸಿದಾಗಲೂ ಅದರ ಮೈ ಕೆರೆದುಬರುತ್ತದೆ. ಆ ರಾತ್ರಿಯ ಧ್ವನಿ ಇಂದಿಗೂ ಉಳಿದಿದೆ. ಕರಕರ ಸದ್ದಿನ ಹಿಂದಿನಿಂದ, ಮಳೆಯಾಚೆಯ ದೀಪದಂತೆ. ಅದು ಅಷ್ಟಾದರೂ ಉಳಿದಿರುವುದು ಮೈಸೂರಿನವರ ಆಸೆಯಿಂದ. ನಮ್ಮ ಮನೆಗಳ ಕಪಾಟುಗಳಲ್ಲಿರುವ ಧ್ವನಿಗಳು ಮುಂದಿನವರಿಗೆ ಎಷ್ಟು ಉಳಿಯಬೇಕೆಂಬುದು ನಾವು ಆರಿಸುವ ಮುಳ್ಳಿನ ತುದಿಯಲ್ಲಿದೆ.